ಕಾಣದ ಗುರುಗಳ ಶಿಷ್ಯೆ: ಮೇಡಂ ಬ್ಲಾವಟ್‌ಸ್ಕಿ

ದೇಹವನ್ನು ತೊರೆದ ಮೇಲೂ ಗುರುವು ಶಿಷ್ಯರನ್ನು ಕೈಹಿಡಿದು ನಡೆಸುತ್ತಾನೆಂಬ ನಂಬುಗೆ ನಮ್ಮ ನಾಡಿಗೆ ಹೊಸದಲ್ಲ. ಗಾಣಗಾಪುರದಲ್ಲಿ ದತ್ತಪಾದುಕೆಗಳ ಮುಂದೆ ತಲೆಬಾಗುವವರೂ, 1671ರಲ್ಲಿ ಮಂತ್ರಾಲಯದಲ್ಲಿ ವೃಂದಾವನಸ್ಥರಾದ ಶ್ರೀ ರಾಘವೇಂದ್ರ ಸ್ವಾಮಿಗಳಿಗೆ ಹರಕೆ ಹೊರುವವರೂ ಗುರುವು ಇಲ್ಲವಾದನೆಂದು ಬಗೆಯುವುದಿಲ್ಲ. ಪೊದಿಗೈ ಮಲೆಯಲ್ಲಿ ಅಗಸ್ತ್ಯರು ಇಂದಿಗೂ ತಪಸ್ಸಿನಲ್ಲಿದ್ದಾರೆಂದು ನಂಬುವ ತಮಿಳು ಬಾಂಧವರು ನಮ್ಮ ನೆರೆಯಲ್ಲಿಯೇ ಇದ್ದಾರೆ. ಈ ನಂಬುಗೆಯನ್ನು ನಮ್ಮ ಹಿರಿಯರು ದೇವರ ಮನೆಯ ದೀಪದಂತೆ ಒಳಗೇ ಇರಿಸಿಕೊಂಡು ಬಂದರು. ಅದಕ್ಕೆ ಸಾಕ್ಷಿ ತನ್ನಿರೆಂದು ಯಾರೂ ಕೇಳಲಿಲ್ಲ, ಸಾಕ್ಷಿ ಕೊಡಲು ಯಾರೂ ಹೊರಡಲೂ ಇಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಷ್ಯಾ ದೇಶದಿಂದ ಬಂದ ಒಬ್ಬ ಮಹಿಳೆ ಇದೇ ನಂಬುಗೆಯನ್ನು ಪತ್ರಿಕೆಗಳಿಗೆ, ಸಭೆಗಳಿಗೆ, ಕಟ್ಟಕಡೆಗೆ ನ್ಯಾಯಾಲಯದ ಹೊಸ್ತಿಲವರೆಗೆ ಕೊಂಡೊಯ್ದರು. ಆಕೆಯೇ ಥಿಯಾಸಾಫಿಕಲ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬರಾದ ಹೆಲೆನಾ ಪೆಟ್ರೋವ್ನ ಬ್ಲಾವಟ್‌ಸ್ಕಿ. ಆಕೆ 1883ರಲ್ಲಿ ನಮ್ಮ ಈ ನೀಲಗಿರಿಯಲ್ಲಿ ಕೆಲಕಾಲ ತಂಗಿದ್ದರು. ಆಗ ನಡೆದ ಅತಿ ಸಣ್ಣ ಸಂಗತಿಯೊಂದು ಮುಂದೆ ಆಕೆಯ ಕೀರ್ತಿಯನ್ನು ಕೆಡವಿದ ಕಥೆಯಲ್ಲಿ ಸೇರಿಕೊಂಡಿತು. ಆದುದರಿಂದ ಈ ಬೆಟ್ಟಗಳ ಕನ್ನಡ ಮನೆಗಳಿಗಾಗಿ ಹೊರಡುವ ಸಂಚಿಕೆಯಲ್ಲಿ ಆಕೆಯ ಜೀವನವೃತ್ತಾಂತವನ್ನು ಬರೆಯುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇನೆ.

ಹೆಲೆನಾ ಹುಟ್ಟಿದ್ದು 1831ನೆಯ ಇಸವಿ ಆಗಸ್ಟ್ 12ರಂದು, ಎಕಟೆರಿನೊಸ್ಲಾವ್ ಎಂಬ ಊರಿನಲ್ಲಿ. ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಆ ಊರು ಇಂದು ಯುಕ್ರೇನ್ ದೇಶದಲ್ಲಿ ನಿಪ್ರೊ ಎಂಬ ಹೆಸರಿನಿಂದಿದೆ. ತಂದೆ ಪೀಟರ್ ವಾನ್ ಹಾನ್ ಜರ್ಮನ್ ಮೂಲದ ಸೈನ್ಯಾಧಿಕಾರಿ. ತಾಯಿ ಕಾದಂಬರಿಗಳನ್ನು ಬರೆದು ಹೆಸರು ಪಡೆದಿದ್ದ ವಿದುಷಿ. ಆ ತಾಯಿ 1842ರಲ್ಲಿ, ಇನ್ನೂ 28ರ ಹರೆಯದಲ್ಲಿಯೇ ತೀರಿಕೊಂಡರು. ತಾಯಿಯನ್ನು ಕಳೆದುಕೊಂಡ ಮಕ್ಕಳನ್ನು ಸಾಕಿದವರು ತಾಯಿಯ ತಂದೆ ತಾಯಿಗಳು. ಅಜ್ಜ ಸರಾಟೋವ್ ಪ್ರಾಂತದ ಅಧಿಕಾರಿ. ಅಜ್ಜಿ ರಾಜವಂಶದ ಹೆಣ್ಣುಮಗಳು, ಸಸ್ಯಶಾಸ್ತ್ರದಲ್ಲಿ ಪಾರಂಗತೆ. ಹೆಣ್ಣುಮಕ್ಕಳು ಶಾಸ್ತ್ರವಿದ್ಯೆ ಕಲಿಯುವುದು ಯೂರೋಪಿನಲ್ಲಿಯೂ ಅಪರೂಪವಾಗಿದ್ದ ಆ ಕಾಲದಲ್ಲಿ ಇಂಥ ಮನೆ ದೊರೆತದ್ದು ಭಾಗ್ಯವೆಂದೇ ಹೇಳಬೇಕು. ಅಜ್ಜನು ಹಿಂದೆ ಕಲ್ಮಿಕ್ ಎಂಬ ಜನಾಂಗದ ಆಡಳಿತವನ್ನು ನೋಡಿಕೊಂಡಿದ್ದವನು. ಆ ಜನ ಟಿಬೆಟ್ಟಿನ ಸಂಪ್ರದಾಯದ ಬೌದ್ಧರು. ಹೀಗೆ ಲಾಮಾಗಳ, ಮಂತ್ರಚಕ್ರಗಳ ಹೆಸರು ಹೆಲೆನಾಳ ಕಿವಿಗೆ ಬಿದ್ದದ್ದು ಬಾಲ್ಯದಲ್ಲಿಯೇ.

ಹುಡುಗಿ ಹಟಮಾರಿ, ಕಥೆ ಕಟ್ಟುವುದರಲ್ಲಿ ನಿಪುಣೆ. 1849ರಲ್ಲಿ, ಹದಿನೆಂಟು ತುಂಬುವ ಮುನ್ನವೇ, ತನಗಿಂತ ಇಪ್ಪತ್ತು ವರ್ಷಕ್ಕೂ ಹಿರಿಯನಾದ ನಿಕಿಫೊರ್ ಬ್ಲಾವಟ್‌ಸ್ಕಿ ಎಂಬ ಅಧಿಕಾರಿಯೊಡನೆ ವಿವಾಹವಾಯಿತು. ಕೆಲವೇ ತಿಂಗಳುಗಳಲ್ಲಿ ಆಕೆ ಗಂಡನ ಮನೆಯನ್ನು ಬಿಟ್ಟು ಕಾನ್‌ಸ್ಟಾಂಟಿನೋಪಲ್‌ಗೆ ಹೊರಟುಹೋದರು. ಗಂಡನ ಹೆಸರೊಂದು ಮಾತ್ರ ಕೊನೆಯವರೆಗೂ ಉಳಿಯಿತು.

ಅಲ್ಲಿಂದ ಮುಂದೆ ಸುಮಾರು ಇಪ್ಪತ್ತೈದು ವರ್ಷಗಳ ಚರಿತ್ರೆ ಮಂಜು ಮುಸುಕಿದ ದಾರಿಯಂತಿದೆ. ಆಕೆಯೇ ಹೇಳಿಕೊಂಡ ಪ್ರಕಾರ, 1851ರಲ್ಲಿ ಲಂಡನ್ನಿನಲ್ಲಿ, ಚಿಕ್ಕಂದಿನಿಂದ ಕನಸಿನಲ್ಲಿ ಕಾಣುತ್ತಿದ್ದ ಭಾರತೀಯ ಪುರುಷರೊಬ್ಬರನ್ನು ಕಣ್ಣಾರೆ ಕಂಡರು. ಅವರೇ ಗುರು ಮೋರ್ಯ. ಆ ಬಳಿಕ ಅಮೆರಿಕ, ಭಾರತ, ಜಾವಾ ಮುಂತಾದೆಡೆಗಳಲ್ಲಿ ಸಂಚರಿಸಿ, ಟಿಬೆಟ್ಟನ್ನು ಹೊಕ್ಕು, ಅಲ್ಲಿ ಗುರುಗಳ ಬಳಿ ಶಿಷ್ಯವೃತ್ತಿ ಮಾಡಿದರೆಂದೂ ಆಕೆಯ ಮಾತು. ಪರದೇಶದ ಗಂಡಸಿಗೇ ದುಸ್ಸಾಧ್ಯವಾಗಿದ್ದ ಟಿಬೆಟ್ಟಿಗೆ ಒಬ್ಬಂಟಿ ಹೆಂಗಸು ಹೋಗಿ ವರ್ಷಗಟ್ಟಲೆ ಇದ್ದದ್ದನ್ನು ಚರಿತ್ರಕಾರರಲ್ಲಿ ಹಲವರು ಒಪ್ಪಿಲ್ಲ. ಆಕೆಯ ಹೇಳಿಕೆಗಳಲ್ಲಿನ ಇಸವಿಗಳೂ ಒಂದಕ್ಕೊಂದು ಹೊಂದುವುದಿಲ್ಲ. ದಾಖಲೆಯ ಬೆಳಕು ಬೀಳುವುದು 1871ರ ಸುಮಾರಿನಲ್ಲಿ. ಗ್ರೀಸಿನ ಸಮುದ್ರದಲ್ಲಿ ಹಡಗು ಒಡೆದು, ಉಳಿದುಕೊಂಡವರಲ್ಲಿ ಒಬ್ಬರಾಗಿ ಆಕೆ ಕೈರೋ ನಗರವನ್ನು ಸೇರಿದರು. ಕೈಯಲ್ಲಿ ಕಾಸಿಲ್ಲದ ಆ ದಿನಗಳಲ್ಲಿ ಆಕೆಗೆ ನೆರವಾದ ಎಮ್ಮಾ ಎಂಬ ಹೆಂಗಸಿನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಕೂಲೊಂಬ್ ಎಂಬವನನ್ನು ಮದುವೆಯಾದ ಈಕೆಯೇ ಹದಿಮೂರು ವರ್ಷಗಳ ಅನಂತರ ಬ್ಲಾವಟ್‌ಸ್ಕಿಯವರ ಬಾಳಿಗೆ ಬೆಂಕಿಯಿಟ್ಟವಳು.

1873ರ ಜುಲೈಯಲ್ಲಿ ನ್ಯೂಯಾರ್ಕಿಗೆ ಬಂದಿಳಿದ ಬ್ಲಾವಟ್‌ಸ್ಕಿಯವರಿಗೆ ಮರುವರ್ಷ ಕರ್ನಲ್ ಹೆನ್ರಿ ಆಲ್ಕಾಟರ ಪರಿಚಯವಾಯಿತು. ಆಲ್ಕಾಟರು ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸೈನ್ಯದ ಲೆಕ್ಕಪತ್ರಗಳಲ್ಲಿನ ಮೋಸವನ್ನು ಪತ್ತೆಹಚ್ಚಿ ಹೆಸರಾದ ವಕೀಲರು. ಮೋಸವನ್ನು ಹಿಡಿಯುವುದೇ ಕಸುಬಾಗಿದ್ದ ಇಂಥ ಮನುಷ್ಯ ತಮ್ಮ ಕೊನೆಯುಸಿರಿನವರೆಗೂ ಆಕೆಯ ಗುರುಗಳಲ್ಲಿ ನಂಬಿಕೆಯಿಟ್ಟಿದ್ದರೆಂಬುದನ್ನು ಈ ಚರಿತ್ರೆಯನ್ನು ತೂಗುವವರು ಮರೆಯಲಾಗದು. ಇವರಿಬ್ಬರೂ ವಿಲಿಯಂ ಜಡ್ಜ್ ಎಂಬ ತರುಣ ವಕೀಲರೂ ಇನ್ನು ಕೆಲವರೂ ಕೂಡಿ 1875ರಲ್ಲಿ ಥಿಯಾಸಾಫಿಕಲ್ ಸೊಸೈಟಿಯನ್ನು ಸ್ಥಾಪಿಸಿದರು. ದಿವ್ಯಜ್ಞಾನ ಸಮಾಜವೆಂದೂ ಬ್ರಹ್ಮವಿದ್ಯಾ ಸಮಾಜವೆಂದೂ ನಮ್ಮ ಭಾಷೆಗಳಲ್ಲಿ ಅದನ್ನು ಕರೆದರು. 1877ರಲ್ಲಿ ಆಕೆಯ ಮೊದಲ ದೊಡ್ಡ ಗ್ರಂಥ ಐಸಿಸ್ ಅನ್‌ವೀಲ್ಡ್ ಎರಡು ಸಂಪುಟಗಳಲ್ಲಿ ಹೊರಬಂದಿತು. ಅದರಲ್ಲಿ ಹೆಸರು ಹೇಳದೆ ಬೇರೆಯವರ ಗ್ರಂಥಗಳಿಂದ ಎತ್ತಿಕೊಂಡ ಭಾಗಗಳು ಸುಮಾರು 2,000 ಇವೆಯೆಂದು ಕೋಲ್‌ಮನ್ ಎಂಬ ವಿಮರ್ಶಕ ಅನಂತರ ಆಪಾದಿಸಿದನು. ತಾವು ಬರೆದದ್ದು ಗುರುಗಳು ಕಣ್ಣಮುಂದೆ ತೋರಿಸಿದ ಪುಟಗಳನ್ನು ನೋಡಿ ಎಂದು ಆಕೆಯ ಸಮಾಧಾನ.

1879ರ ಫೆಬ್ರವರಿ 16ರಂದು ಇಬ್ಬರೂ ಮುಂಬಯಿಗೆ ಬಂದಿಳಿದರು. ಬಿಳಿಯರು ನಮ್ಮ ಶಾಸ್ತ್ರಗಳನ್ನು ಮೂಢನಂಬುಗೆಯ ಕಂತೆಯೆಂದು ಜರೆಯುತ್ತಿದ್ದ ದಿನಗಳು ಅವು. ಅಂಥ ಹೊತ್ತಿನಲ್ಲಿ ಇಬ್ಬರು ಬಿಳಿಯರು ಬಂದು, ಜ್ಞಾನದ ತವರು ಈ ನಾಡೇ, ನಾವು ಕಲಿಸಲು ಬಂದವರಲ್ಲ, ಕಲಿಯಲು ಬಂದವರು ಎಂದಾಗ ವಿದ್ಯಾವಂತ ಭಾರತೀಯರ ಎದೆ ಹೇಗೆ ಅರಳಿರಬೇಕೆಂಬುದನ್ನು ಊಹಿಸಬಹುದು. ಅದೇ ವರ್ಷ ಅಕ್ಟೋಬರಿನಲ್ಲಿ ಥಿಯಾಸಾಫಿಸ್ಟ್ ಮಾಸಪತ್ರಿಕೆ ಆರಂಭವಾಯಿತು. 1880ರ ಮೇ ತಿಂಗಳಲ್ಲಿ ಸಿಂಹಳದ ಗಾಲೆಯಲ್ಲಿ ಇಬ್ಬರೂ ಬಹಿರಂಗವಾಗಿ ಪಂಚಶೀಲವನ್ನು ಸ್ವೀಕರಿಸಿ ಬೌದ್ಧರಾದರು. ಆರ್ಯಸಮಾಜದ ದಯಾನಂದ ಸರಸ್ವತಿಯವರೊಡನೆ ಮೊದಲು ಇದ್ದ ಮೈತ್ರಿ 1882ರಲ್ಲಿ ಮುರಿಯಿತು. ಸರ್ಕಾರವಂತೂ ಆಕೆ ರಷ್ಯಾದ ಗೂಢಚಾರಿಣಿಯಿರಬಹುದೆಂದು ಬಹಳ ಕಾಲ ಬೆನ್ನ ಹಿಂದೆ ಪೊಲೀಸರನ್ನು ಬಿಟ್ಟಿತ್ತು.

ಗುರುಗಳ ವಿಷಯ ಲೋಕಪ್ರಸಿದ್ಧವಾದದ್ದು 1880ರ ಶರತ್ಕಾಲದಲ್ಲಿ, ಸಿಮ್ಲಾದಲ್ಲಿ. ಅಲಹಾಬಾದಿನ ಪಯೋನಿಯರ್ ಪತ್ರಿಕೆಯ ಸಂಪಾದಕ ಸಿನ್ನೆಟ್ಟರೂ, ಮುಂದೆ 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣರಾದ ಹ್ಯೂಮ್ ಸಾಹೇಬರೂ ಆಗ ಆಕೆಯ ಆತಿಥೇಯರು. ವನಭೋಜನಕ್ಕೆ ಹೋದಾಗ ನಿರೀಕ್ಷಿಸದಿದ್ದ ಅತಿಥಿಯೊಬ್ಬರು ಜೊತೆಗೂಡಿದ್ದರಿಂದ ಚಹದ ಬಟ್ಟಲು ಒಂದು ಕಡಿಮೆಯಾಯಿತಂತೆ. ಆಕೆ ತೋರಿಸಿದ ಜಾಗವನ್ನು ಅಗೆದಾಗ ಬೇರುಗಳ ನಡುವೆ ಅದೇ ಮಾದರಿಯ ಬಟ್ಟಲೂ ತಟ್ಟೆಯೂ ದೊರೆತುವು. ಮತ್ತೊಮ್ಮೆ ಹ್ಯೂಮರ ಪತ್ನಿ ಕಳೆದುಕೊಂಡಿದ್ದ ಆಭರಣವೊಂದು ಹೂವಿನ ಪಾತಿಯಲ್ಲಿ ಸಿಕ್ಕಿತು. ಇವೆಲ್ಲ ತಮ್ಮ ಗುರುಗಳ ಶಕ್ತಿಯಿಂದಾದುವೆಂದು ಆಕೆ ಹೇಳಿದಾಗ, ಆ ಗುರುಗಳಿಗೆ ಪತ್ರ ಬರೆಯಬಹುದೇ ಎಂದು ಸಿನ್ನೆಟ್ಟರು ಕೇಳಿದರು. ಬರೆದರು, ಉತ್ತರವೂ ಬಂದಿತು. ಕೆಳಗೆ ಕೂಟ್ ಹೂಮಿ ಎಂಬ ಹೆಸರಿತ್ತು. ಆ ಪತ್ರವ್ಯವಹಾರ ಕೆಲವು ವರ್ಷ ಮುಂದುವರಿದು ನೂರಕ್ಕೂ ಹೆಚ್ಚು ಪತ್ರಗಳು ಕೂಡಿದುವು. ನೀಲಿಯಲ್ಲಿ ಬರೆದವು ಕೂಟ್ ಹೂಮಿಯವರವು, ಕೆಂಪಿನಲ್ಲಿ ಬರೆದವು ಮೋರ್ಯರವು. ಮೊದಲನೆಯವರು ಯೂರೋಪಿನಲ್ಲಿ ಓದಿದ ಕಾಶ್ಮೀರದ ಬ್ರಾಹ್ಮಣರೆಂದೂ, ಎರಡನೆಯವರು ರಜಪೂತರೆಂದೂ ಹೇಳಿಕೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಈಚಿನ ಪುಸ್ತಕಗಳಲ್ಲಿ ಊರ್ಧ್ವಗತರಾದ ಗುರುಗಳು, ಎಂದರೆ ದೇಹವನ್ನು ಕಳಚಿ ಜ್ಯೋತಿರ್ಲೋಕದಿಂದ ಮಾನವರನ್ನು ನಡೆಸುವವರು, ಎಂಬ ಮಾತು ಬಹಳವಾಗಿ ಕೇಳಿಬರುತ್ತದೆ. ಆ ಕಲ್ಪನೆಯನ್ನು ಹರಡಿದವನು ಅಮೆರಿಕದ ಗೈ ಬ್ಯಾಲರ್ಡ್. 1930ರಲ್ಲಿ ಶಾಸ್ತಾ ಪರ್ವತದ ಮೇಲೆ ಅಂಥ ಗುರುವೊಬ್ಬರನ್ನು ಕಂಡೆನೆಂದು ಹೇಳಿ, 1934ರಲ್ಲಿ ಪುಸ್ತಕ ಬರೆದವನು. ಬ್ಲಾವಟ್‌ಸ್ಕಿಯವರ ಮಹಾತ್ಮರು ಹಾಗಲ್ಲ. ಅವರು ರಕ್ತಮಾಂಸಗಳ ಮನುಷ್ಯರು. ಹಿಮಾಲಯದ ಆಚೆ ವಾಸಿಸುವವರು. ಉಣ್ಣುವವರು, ಕುದುರೆ ಏರುವವರು, ಒಮ್ಮೊಮ್ಮೆ ಮುನಿಯುವವರು. ಅನೇಕ ಜನ್ಮಗಳ ಸಾಧನೆಯಿಂದ ನಮಗಿಂತ ಮುಂದೆ ಹೋದ ಹಿರಿಯ ಸೋದರರು ಎಂಬುದು ಆಕೆಯ ಸಿದ್ಧಾಂತ. ಇಂಗ್ಲಿಷ್ ಪತ್ರಿಕೆಗಳಲ್ಲಿ ಮಹಾತ್ಮ ಎಂಬ ನಮ್ಮ ಶಬ್ದ ಮೊದಲು ಹರಡಿದ್ದು ಗಾಂಧೀಜಿಯವರಿಂದಲ್ಲ, ಈ ಕಾಣದ ಗುರುಗಳಿಂದ. ದೇಹವಿದೆ ಎಂದು ಹೇಳಿದ್ದರಿಂದಲೇ ಜನ ಅವರನ್ನು ನೋಡಬೇಕೆಂದರು, ಅವರ ಕೈಬರಹವನ್ನು ಪರೀಕ್ಷಿಸಬೇಕೆಂದರು. ದೇಹವಿಲ್ಲದ ಗುರುವಿಗೆ ಈ ತೊಡಕಿಲ್ಲ. ಬ್ಯಾಲರ್ಡನ ಜಾಣತನ ಅಲ್ಲಿಯೇ ಇದೆಯೆಂದು ನನಗನಿಸುತ್ತದೆ.

ಆ ಪತ್ರಗಳಲ್ಲಿ ಇದ್ದದ್ದು ಬರಿಯ ಪವಾಡದ ಮಾತಲ್ಲ. ಮನುಷ್ಯನು ಏಳು ತತ್ತ್ವಗಳಿಂದಾದವನೆಂಬ ವಿವರಣೆ, ಕರ್ಮ, ಪುನರ್ಜನ್ಮ, ಲೋಕಗಳ ಉತ್ಪತ್ತಿ ಲಯಗಳು ಮೊದಲಾದ ವಿಷಯಗಳು ಅವುಗಳಲ್ಲಿ ವಿಸ್ತಾರವಾಗಿ ಬಂದಿವೆ. ಅವುಗಳ ಆಧಾರದಿಂದ ಸಿನ್ನೆಟ್ಟರು 1881ರಲ್ಲಿಯೂ 1883ರಲ್ಲಿಯೂ ಎರಡು ಪುಸ್ತಕ ಬರೆದರು. ಅವು ಯೂರೋಪಿನಲ್ಲೆಲ್ಲ ಓದಲ್ಪಟ್ಟುವು. ಲಂಡನ್ನಿನ ಟೈಮ್ಸ್ ಪತ್ರಿಕೆಯನ್ನು ಅದು ಪ್ರಕಟವಾದ ದಿನವೇ ಸಿಮ್ಲಾದಲ್ಲಿ ತಂದುಕೊಟ್ಟರೆ ಯಾರೂ ಅಲ್ಲಗಳೆಯಲಾರರೆಂದು ಸಿನ್ನೆಟ್ಟರು ಸೂಚಿಸಿದ್ದರು. ಲೋಕ ಅದಕ್ಕೆ ಇನ್ನೂ ಸಿದ್ಧವಾಗಿಲ್ಲವೆಂದು ಗುರುಗಳು ನಿರಾಕರಿಸಿದರು. ಸಿನ್ನೆಟ್ಟರಿಗೆ ಆ ಉತ್ತರ ಸಾಕಾಯಿತು. ಪಾಠ ಹೇಳಿ ಬದುಕುವ ನನಗೆ, ಕೇಳಿದ ಪ್ರಶ್ನೆ ಬಲು ಸೊಗಸಾಗಿತ್ತೆಂದೂ ಕೊಟ್ಟ ಉತ್ತರ ಸಾಲದೆಂದೂ ತೋರುತ್ತದೆ. 1883ರಲ್ಲಿ ಮತ್ತೊಂದು ತೊಡಕು ಎದ್ದಿತು. ಸಿನ್ನೆಟ್ಟರು ಅಚ್ಚು ಹಾಕಿಸಿದ್ದ ಕೂಟ್ ಹೂಮಿಯವರ ಪತ್ರವೊಂದರ ಭಾಗ, ತಾನು 1880ರಲ್ಲಿ ಮಾಡಿದ್ದ ಭಾಷಣದ ಮಾತುಗಳೇ ಎಂದು ಅಮೆರಿಕದ ಕಿಡಲ್ ಎಂಬುವರು ತೋರಿಸಿದರು. ಗುರುಗಳ ಮನಸ್ಸಿನಿಂದ ಬಂದದ್ದನ್ನು ಬರೆದುಕೊಂಡ ಶಿಷ್ಯನ ಲೋಪವೆಂದು ಸಮಾಧಾನ ಬಂದಿತಾದರೂ ಸಂದೇಹದ ಬೀಜ ಬಿತ್ತಿಯಾಗಿತ್ತು.

ಈ ನಡುವೆ, 1882ರ ಕೊನೆಯಲ್ಲಿ, ಸಮಾಜದ ಕೇಂದ್ರ ಮದರಾಸಿನ ಅಡ್ಯಾರಿಗೆ ಬಂದಿತು. ನದಿ ಸಮುದ್ರವನ್ನು ಸೇರುವೆಡೆಯಲ್ಲಿ ವಿಶಾಲವಾದ ತೋಪು, ನಡುವೆ ಬಂಗಲೆ. ಮಹಡಿಯಲ್ಲಿ ಬ್ಲಾವಟ್‌ಸ್ಕಿಯವರ ಮಲಗುವ ಕೋಣೆ. ಅದಕ್ಕೆ ತಾಗಿದ ಇನ್ನೊಂದು ಕೋಣೆಯ ಗೋಡೆಗೆ ಒಂದು ಬೀರು. ಅದರೊಳಗೆ ಮಹಾತ್ಮರ ಚಿತ್ರಗಳು. ಭಕ್ತರು ಅದನ್ನು ದೇವರ ಮಂಟಪದಂತೆ ಕಂಡರು. ಅದರಲ್ಲಿ ಇಟ್ಟ ಪತ್ರಗಳಿಗೆ ಉತ್ತರ ಬರುತ್ತಿದ್ದಿತೆಂದು ಪ್ರಸಿದ್ಧಿ. ಕೈರೋವಿನ ಎಮ್ಮಾ ಕೂಲೊಂಬ್ ತನ್ನ ಗಂಡನೊಡನೆ ದಿಕ್ಕಿಲ್ಲದೆ 1880ರಲ್ಲಿ ಬಂದು ಸೇರಿದ್ದಳು. ಆಕೆಗೆ ಮನೆಯ ಮೇಲ್ವಿಚಾರಣೆ. ಗಂಡನಿಗೆ ಬಡಗಿಯ ಕೆಲಸ.

1883ರ ಜುಲೈಯಲ್ಲಿ, ಮೇಜರ್ ಜನರಲ್ ಮಾರ್ಗನ್ ದಂಪತಿಗಳ ಕರೆಯ ಮೇರೆಗೆ, ಬ್ಲಾವಟ್‌ಸ್ಕಿಯವರು ಉದಕಮಂಡಲಕ್ಕೆ ಬಂದರು. ರೈಲು ಆಗ ಮೇಟ್ಟುಪಾಳ್ಯದವರೆಗೆ ಮಾತ್ರ. ಕೂನೂರಿಗೆ ಬೆಟ್ಟದ ರೈಲು ಬಂದದ್ದು 1899ರಲ್ಲಿ, ಊಟಿಗೆ 1908ರಲ್ಲಿ. ಸ್ಥೂಲಕಾಯದ, ರೋಗದಿಂದ ಬಳಲಿದ್ದ ಆ ಹೆಂಗಸು ಆ ಕಡಿದಾದ ದಾರಿಯನ್ನು ಗಾಡಿಯಲ್ಲಿ ಏರಬೇಕಾಯಿತು. ಮದರಾಸು ಸರ್ಕಾರ ಬೇಸಗೆಗೆ ಇಲ್ಲಿಗೇ ಬರುತ್ತಿದ್ದುದರಿಂದ ದೊಡ್ಡ ಅಧಿಕಾರಿಗಳೂ ಅವರ ಮಡದಿಯರೂ ಆಕೆಯನ್ನು ನೋಡಲು ನೆರೆದರು. ಅನಂತರ ಆಲ್ಕಾಟರೂ ಬಂದು ಸೇರಿದರು. ಈ ಮಲೆ ಅವರ ಮನಸ್ಸನ್ನು ಎಷ್ಟು ಸೆಳೆಯಿತೆಂದರೆ, ಮುಂದೆ ಅವರು ಊಟಿಯಲ್ಲಿ ಗುಲಿಸ್ತಾನ್ ಎಂಬ ಹೆಸರಿನ ಮನೆಯನ್ನೇ ಕಟ್ಟಿಸಿಕೊಂಡರು.

ಇಲ್ಲಿಯ ಜನರನ್ನು ಕುರಿತು ಆಕೆ ರಷ್ಯಾ ಭಾಷೆಯಲ್ಲಿ ಬರೆದ ಕಥನ 1884ರ ಕೊನೆಯಿಂದ 1885ರವರೆಗೆ ರಷ್ಯಾದ ಒಂದು ಮಾಸಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಪ್ರಕಟವಾಯಿತು. ಅದರಲ್ಲಿ ತೋಡವರು ಬಿಳಿಯ ಮಂತ್ರವಿದ್ಯೆಯ ದಿವ್ಯಪುರುಷರು. ಮುಳ್ಳುಕುರುಂಬರು ಕರಿಯ ಮಾಟಗಾರರು. ಬಡಗರು ತೋಡವರನ್ನು ದೇವರೆಂದು ಪೂಜಿಸುವ ಮುಗ್ಧರು. ನೀಲಗಿರಿಯಲ್ಲಿ ನೆಲೆಸಿದ ನಾವು ಇದನ್ನು ಓದಿ ನಗದೆ ಇರಲಾರೆವು. ಪೂರ್ತಿ ನಗಲೂ ಆರೆವು. ತೋಡವರು ತಮ್ಮ ಎಮ್ಮೆಗಳನ್ನೂ ಹಾಲುಮನೆಗಳನ್ನೂ ಕಟ್ಟಳೆಯಿಂದ ಕಾಯ್ದುಕೊಂಡು ಬಂದ ಜನ. ಬಡಗರು, ಹೆಸರೇ ಹೇಳುವಂತೆ, ಬಡಗಣಿಂದ, ಮೈಸೂರು ಸೀಮೆಯ ಕಡೆಯಿಂದ, ಬಂದವರೆಂದು ಹೇಳಿಕೊಳ್ಳುವವರು, ಹೆತ್ತೆಯಮ್ಮನನ್ನು ಆರಾಧಿಸುವವರು, ಕನ್ನಡಕ್ಕೆ ಒಡಹುಟ್ಟಿದ ಮಾತನ್ನು ಆಡುವವರು. ಆ ಮಾತಿನ ನಂಟನ್ನು ಹಿಡಿದು ವಿಚಾರಿಸಿದ್ದರೆ ಆಕೆಗೆ ನಿಜವಾದ ಇತಿಹಾಸದ ಎಳೆ ಸಿಕ್ಕುತ್ತಿತ್ತು. ಕುರುಂಬರ ಮಾಟದ ಭಯವಂತೂ ಬರಿಯ ಕಥೆಯಾಗಿರಲಿಲ್ಲ. ಮಾಟ ಮಾಡಿದರೆಂಬ ಶಂಕೆಯಿಂದಲೇ ಕುರುಂಬರನ್ನು ಕೊಂದ ಪ್ರಕರಣಗಳು ಆ ಶತಮಾನದ ದಾಖಲೆಗಳಲ್ಲಿವೆ. ಗುಪ್ತಶಕ್ತಿಯ ಕಥೆಯನ್ನು ದೂರದೇಶದ ಓದುಗರಿಗೆ ರುಚಿಯಾಗಿ ಬಡಿಸುವುದು ಸುಲಭ. ಆ ಹೆಸರನ್ನು ಹೊತ್ತು ಕಾಡಿನಲ್ಲಿ ಬಾಳುವವನಿಗೆ ಅದು ಪ್ರಾಣಕ್ಕೆ ಬರುತ್ತದೆ.

ಇನ್ನು ಆ ಸಣ್ಣ ಸಂಗತಿ. ಬ್ಲಾವಟ್‌ಸ್ಕಿಯವರು ಇಲ್ಲಿ ಊಟಿಯಲ್ಲಿರುವಾಗಲೇ, ಆಗಸ್ಟ್ ತಿಂಗಳಲ್ಲಿ, ಜನರಲ್ ಮಾರ್ಗನ್ನರಿಗೆ ಮದರಾಸಿಗೆ ಹೋಗುವ ಕೆಲಸ ಬಿದ್ದಿತು. ಮಹಾತ್ಮರ ಚಿತ್ರವನ್ನು ನೋಡುವ ಸಲುವಾಗಿ ಅಡ್ಯಾರಿಗೆ ಹೋದರು. ಎಮ್ಮಾ ಕೂಲೊಂಬ್ ಬೀರುವಿನ ಬಾಗಿಲನ್ನು ಬಿರುಸಾಗಿ ತೆರೆದಳು. ಒಳಗೆ ಬಾಗಿಲಿಗೆ ಒರಗಿಸಿದ್ದ ಪಿಂಗಾಣಿ ತಟ್ಟೆಯೊಂದು ಗಾರೆಯ ನೆಲದ ಮೇಲೆ ಬಿದ್ದು ಚೂರುಚೂರಾಯಿತು. ಅಮ್ಮನವರಿಗೆ ಬಹು ಪ್ರಿಯವಾದ ತಟ್ಟೆಯೆಂದು ಆಕೆ ಹಲುಬಿದಳು. ಗಂಡ ಅಂಟು ತರುತ್ತೇನೆಂದು ಹೊರಟನು. ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು. ಮಹಾತ್ಮರು ಮನಸ್ಸು ಮಾಡಿದರೆ ಇದನ್ನು ಸರಿಪಡಿಸಬಲ್ಲರೆಂದು ಜನರಲ್ಲರು ಅಂದರು. ಕೆಲವು ನಿಮಿಷಗಳಾದ ಮೇಲೆ, ಅಲ್ಲಿಯೇ ಇದ್ದ ದಾಮೋದರ ಮಾವಳಂಕರ್ ಎಂಬ ತರುಣ ಶಿಷ್ಯನ ಸೂಚನೆಯಂತೆ ಬಾಗಿಲು ತೆರೆದಾಗ ತಟ್ಟೆ ಅಖಂಡವಾಗಿತ್ತು; ಜೊತೆಗೆ ಕೂಟ್ ಹೂಮಿಯವರ ಅಕ್ಷರದಲ್ಲಿ ಒಂದು ಚೀಟಿ. ಜನರಲ್ಲರು ಬೆರಗಾಗಿ ಬೆಟ್ಟಕ್ಕೆ ಮರಳಿದರು. ಪ್ರಾಮಾಣಿಕ ವೃದ್ಧ ಸೈನಿಕನೊಬ್ಬನ ಸಾಕ್ಷ್ಯವೆಂದು ಸಮಾಜದವರು ಅದನ್ನು ಎಲ್ಲೆಡೆ ಸಾರಿದರು.

1884ರ ಫೆಬ್ರವರಿಯಲ್ಲಿ ಬ್ಲಾವಟ್‌ಸ್ಕಿಯವರೂ ಆಲ್ಕಾಟರೂ ಯೂರೋಪಿಗೆ ಪ್ರಯಾಣ ಮಾಡಿದರು. ಹಿಂದೆ ಉಳಿದ ಕೂಲೊಂಬ್ ದಂಪತಿಗಳಿಗೂ ಸಮಾಜದ ಇತರರಿಗೂ ವೈಮನಸ್ಯ ಬೆಳೆದು, ಮೇ ತಿಂಗಳಲ್ಲಿ ಅವರನ್ನು ಹೊರಹಾಕಿದರು. ಹೊರಬಿದ್ದ ಎಮ್ಮಾ, ಬ್ಲಾವಟ್‌ಸ್ಕಿಯವರು ತನಗೆ ಬರೆದವೆಂದು ಒಂದು ಕಟ್ಟು ಪತ್ರಗಳನ್ನು ಮಿಷನರಿಗಳ ಕೈಗೆ ಕೊಟ್ಟಳು. ಮದರಾಸ್ ಕ್ರಿಶ್ಚಿಯನ್ ಕಾಲೇಜಿನ ಪತ್ರಿಕೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಸಂಚಿಕೆಗಳಲ್ಲಿ ಅವನ್ನು ಅಚ್ಚುಮಾಡಿತು. ಪವಾಡಗಳನ್ನು ಹೇಗೆ ಏರ್ಪಡಿಸಬೇಕೆಂಬ ಸೂಚನೆಗಳು ಆ ಪತ್ರಗಳಲ್ಲಿದ್ದುವು. ತಟ್ಟೆಯ ಪ್ರಸಂಗವನ್ನೂ ಊಟಿಯಿಂದ ಬಂದ ಪತ್ರದಂತೆಯೇ ನಡೆಸಿದೆನೆಂದು ಎಮ್ಮಾಳ ಹೇಳಿಕೆ. ಬೀರುವಿನ ಹಿಂಬದಿಯಲ್ಲಿ ಸರಿಯುವ ಹಲಗೆಯೂ ಗೋಡೆಯಲ್ಲಿ ಕಂಡಿಯೂ ಕಂಡುಬಂದುವು.

ಬ್ಲಾವಟ್‌ಸ್ಕಿಯವರು ಡಿಸೆಂಬರಿನಲ್ಲಿ ಅಡ್ಯಾರಿಗೆ ಓಡಿಬಂದರು. ಪತ್ರಗಳಲ್ಲಿನ ಆ ಭಾಗಗಳು ಕೂಟಸೃಷ್ಟಿಯೆಂದೂ ಮೊಕದ್ದಮೆ ಹೂಡಿಯೇ ತೀರುವೆನೆಂದೂ ಹಟ ಹಿಡಿದರು. ಸಮಾಜದ ಸಮಿತಿ ಒಪ್ಪಲಿಲ್ಲ. ಮಹಾತ್ಮರು ಇದ್ದಾರೆಯೇ ಇಲ್ಲವೇ ಎಂಬುದನ್ನು ನ್ಯಾಯಾಲಯದಲ್ಲಿ ವಾದಿಸಿ ಪ್ರತಿವಾದಿಯ ವಕೀಲರ ನಗೆಗೆ ಗುರಿಯಾಗುವುದು ಹಿಂದೂ ಸದಸ್ಯರಿಗೆ ಅಸಹ್ಯವಾಗಿತ್ತು. ಅಷ್ಟರಲ್ಲಿ ಲಂಡನ್ನಿನ ಅತೀಂದ್ರಿಯ ಸಂಶೋಧನ ಸಂಘದವರು ಕಳುಹಿಸಿದ ರಿಚರ್ಡ್ ಹಾಜ್‌ಸನ್ ಎಂಬ ತರುಣ ವಿದ್ವಾಂಸ ಬಂದಿಳಿದನು. ಅವನು ಬರುವ ಮುನ್ನವೇ ಆ ಬೀರುವನ್ನು ಸಮಾಜದವರೇ ನಾಶಗೊಳಿಸಿದ್ದರು. ಇದಕ್ಕಿಂತ ಅವಿವೇಕದ ಕೆಲಸ ಮತ್ತೊಂದಿರಲಾರದು. ಹಾಜ್‌ಸನ್ ಮೂರು ತಿಂಗಳು ವಿಚಾರಣೆ ನಡೆಸಿದನು. ಒಡೆದ ತಟ್ಟೆಯಂಥದೇ ಒಂದು ಜೊತೆ ತಟ್ಟೆಗಳನ್ನು 1883ರ ಜುಲೈಯಲ್ಲಿ ಎಮ್ಮಾ ಮದರಾಸಿನ ಅಂಗಡಿಯೊಂದರಿಂದ ಕೊಂಡಿದ್ದಳೆಂದು ಪತ್ತೆಹಚ್ಚಿದನು. 1885ರ ಕೊನೆಗೆ ಪ್ರಕಟವಾದ ಅವನ ವರದಿ, ಮಹಾತ್ಮರ ಪತ್ರಗಳನ್ನು ಬಹುಮಟ್ಟಿಗೆ ಬರೆದವರು ಬ್ಲಾವಟ್‌ಸ್ಕಿಯವರೇ ಎಂದೂ, ಆಕೆಯ ಗುರಿ ರಷ್ಯಾದ ರಾಜಕಾರಣವೆಂದೂ ತೀರ್ಮಾನಿಸಿತು.

ಜನರಲ್ ಮಾರ್ಗನ್ನರು ಮಾತ್ರ ಕೈಬಿಡಲಿಲ್ಲ. ಆಕೆಯ ಪರವಾಗಿ ಊಟಿಯಿಂದಲೇ ಕಿರುಹೊತ್ತಗೆಯನ್ನು ಹೊರಡಿಸಿ ಎಮ್ಮಾಳನ್ನು ಬಯಲಿಗೆಳೆಯಲು ಯತ್ನಿಸಿದರು. ಎಮ್ಮಾ ಅವರ ಮೇಲೆಯೇ ಮಾನಹಾನಿಯ ದಾವೆ ಹೂಡಿದಳು. ಅದರಲ್ಲಿ ಬ್ಲಾವಟ್‌ಸ್ಕಿಯವರನ್ನು ಸಾಕ್ಷಿಕಟ್ಟೆಗೆ ಎಳೆಯುವುದೇ ಉದ್ದೇಶವೆಂದು ಸಮಾಜದವರಿಗೆ ಭಯವಾಯಿತು. 1885ರ ಮಾರ್ಚ್ 31ರಂದು, ನಡೆಯಲಾರದಷ್ಟು ಕಾಯಿಲೆಯಲ್ಲಿದ್ದ ಆಕೆಯನ್ನು ಹಡಗು ಹತ್ತಿಸಿದರು. ಬಳಿಕ ದಾವೆಯೂ ಹಿಂತೆಗೆದುಕೊಳ್ಳಲ್ಪಟ್ಟಿತು. ಆಕೆ ಮತ್ತೆ ಭಾರತವನ್ನು ಕಾಣಲಿಲ್ಲ. ತಟ್ಟೆಯ ಬಳಿ ಕುಳಿತಿದ್ದ ದಾಮೋದರ, ಗುರುಗಳನ್ನು ಕಂಡೇ ತೀರಬೇಕೆಂದು ಅದೇ ವರ್ಷ ಟಿಬೆಟ್ಟಿನ ದಾರಿ ಹಿಡಿದವನು ಹಿಂತಿರುಗಲಿಲ್ಲ. ಈ ಇಡೀ ಪ್ರಕರಣದಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಕಲಕುವುದು ಆ ಹುಡುಗನ ಹೆಜ್ಜೆಗಳೇ. ನಟನೆ ಮಾಡುವವನು ಹಿಮದೊಳಕ್ಕೆ ಹೋಗುವುದಿಲ್ಲ.

ಹಾಗಾದರೆ ನಿಜವೇನು? ಆಕೆಯ ಪಕ್ಷದವರು, ಹಲಗೆಗಳನ್ನು ಕೂಲೊಂಬನೇ ಆಕೆ ಊರಲ್ಲಿಲ್ಲದಾಗ ಮಾಡಿದನೆಂದೂ, ಅವು ಅರೆಗೆಲಸವಾಗಿದ್ದು ಸರಿಯಾಗಿ ಸರಿಯುತ್ತಲೂ ಇರಲಿಲ್ಲವೆಂದೂ ತೋರಿಸಿದ್ದಾರೆ. ನೂರು ವರ್ಷಗಳ ತರುವಾಯ, 1986ರಲ್ಲಿ, ಕೈಬರಹದ ಪರೀಕ್ಷಕರಾದ ವರ್ನನ್ ಹ್ಯಾರಿಸನ್ ಅದೇ ಸಂಶೋಧನ ಸಂಘದ ಪತ್ರಿಕೆಯಲ್ಲಿ, ಹಾಜ್‌ಸನ್ನನ ವರದಿ ಪಕ್ಷಪಾತದಿಂದ ಕೂಡಿದ್ದು, ಅಪರಾಧವನ್ನು ಅದು ಸಿದ್ಧಪಡಿಸಿಲ್ಲವೆಂದು ಬರೆದರು. ಪಾಲ್ ಜಾನ್ಸನ್ ಎಂಬ ಚರಿತ್ರಕಾರರು 1994ರಲ್ಲಿ, ಆ ಮಹಾತ್ಮರು ಆಕೆ ಕಂಡಿದ್ದ ನಿಜವಾದ ಮನುಷ್ಯರ, ಅವರಲ್ಲಿ ಕಾಶ್ಮೀರದ ಮಹಾರಾಜ ರಣಬೀರ ಸಿಂಹರೂ ಒಬ್ಬರು, ಮರೆಯ ಹೆಸರುಗಳೆಂದು ವಾದಿಸಿದರು. ಗೂಢಚಾರಿಣಿಯೆಂಬ ಆರೋಪವನ್ನು ಇಂದು ಹೆಚ್ಚು ಜನ ನಂಬುವುದಿಲ್ಲ. ತಟ್ಟೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಜ್‌ಸನ್ನನ ಕಡೆಗೇ ವಾಲುತ್ತದೆ. ಒಡೆದ ಪಿಂಗಾಣಿಯನ್ನು ಕೂಡಿಸಲು ಮಹರ್ಷಿಗಳು ಬೇಕಾಗಿರಲಿಲ್ಲ, ಒಂದು ಜೊತೆ ಕೊಂಡಿದ್ದರೆ ಸಾಕಾಗಿತ್ತು. ಆದರೆ ಅಷ್ಟರಿಂದ ಆಕೆಯ ನಂಬುಗೆಯೆಲ್ಲ ಸೋಗು ಎಂದು ಹೇಳಲು ನಾನು ಸಿದ್ಧನಿಲ್ಲ.

ಮದರಾಸಿನ ವಕೀಲರೂ ಅದ್ವೈತದ ಗಾಢ ಪಂಡಿತರೂ ಆಗಿದ್ದ ಸುಬ್ಬರಾಯರ ನಿಲವು ಇಲ್ಲಿ ಗಮನಾರ್ಹ. ಅವರು ಗುರುಗಳ ಇರವನ್ನು ಅಲ್ಲಗಳೆದವರಲ್ಲ. ಗುರುಗಳ ಹೆಸರನ್ನೂ ರಹಸ್ಯವನ್ನೂ ಬೀದಿಗೆ ಎಳೆದು ತಂದದ್ದು ಅಪಚಾರವೆಂಬುದು ಅವರ ನೋವು. ಮುಂದೆ ಆಕೆಯ ದೊಡ್ಡ ಗ್ರಂಥದ ಹಸ್ತಪ್ರತಿಯನ್ನು ತಿದ್ದಿಕೊಡಲು ಒಲ್ಲದೆ, 1888ರಲ್ಲಿ ಸಮಾಜವನ್ನೇ ಬಿಟ್ಟು, 1890ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರು. ಗುರುವಿನ ಹೆಸರು ಉಪದೇಶ ಪಡೆದವನ ಕಿವಿಯಲ್ಲಿರಬೇಕಾದದ್ದು. ಅದನ್ನು ವನಭೋಜನದ ಬಟ್ಟಲಿಗೂ ಕಳೆದ ಆಭರಣಕ್ಕೂ ಒತ್ತೆಯಿಟ್ಟಾಗ, ಬಟ್ಟಲು ಸುಳ್ಳಾದ ದಿನ ಗುರುವೂ ಸುಳ್ಳಾಗಬೇಕಾಗುತ್ತದೆ. ಬ್ಲಾವ‌ಟ್‌ಸ್ಕಿಯವರು ಯೂರೋಪಿನ ವಿಜ್ಞಾನದ ದರ್ಪದೆದುರು ಪುರಾವೆ ಒಡ್ಡಹೊರಟು ಈ ಬಲೆಯಲ್ಲಿ ಸಿಕ್ಕಿಬಿದ್ದರು.

ಆಶ್ಚರ್ಯವೆಂದರೆ ಆಕೆಯ ಮುಖ್ಯ ಕೃತಿಗಳಲ್ಲಿ ಹೆಚ್ಚಿನವು ಬಂದದ್ದು ಈ ಅವಮಾನದ ಅನಂತರ. ಜರ್ಮನಿಯ ವುರ್ಟ್ಸ್‌ಬರ್ಗ್, ಬೆಲ್ಜಿಯಮ್ಮಿನ ಆಸ್ಟೆಂಡ್, ಕೊನೆಗೆ 1887ರಿಂದ ಲಂಡನ್, ಹೀಗೆ ನೆಲೆ ಬದಲಿಸುತ್ತ, ಮೂತ್ರಪಿಂಡದ ರೋಗದಿಂದ ನರಳುತ್ತ, ಬೆಳಗಿನಿಂದ ಮೇಜಿನ ಮುಂದೆ ಕುಳಿತು, ಒಂದರ ಹಿಂದೊಂದು ಸಿಗರೇಟು ಸುತ್ತಿ ಸೇದುತ್ತ ಬರೆದರು. 1888ರಲ್ಲಿ ಸೀಕ್ರೆಟ್ ಡಾಕ್ಟ್ರಿನ್ ಎರಡು ಸಂಪುಟಗಳಾಗಿ ಬಂದಿತು. ವಿಶ್ವದ ಉತ್ಪತ್ತಿಯನ್ನೂ ಮಾನವಕುಲದ ಉತ್ಪತ್ತಿಯನ್ನೂ ವಿವರಿಸುವ ಈ ಗ್ರಂಥಕ್ಕೆ ಮೂಲವೆಂದು ಆಕೆ ಹೇಳಿದ ಪುರಾತನ ಶ್ಲೋಕಗಳ ಭಾಷೆಯನ್ನು ಯಾವ ಪಂಡಿತನೂ ಗುರುತಿಸಿಲ್ಲ. ಆದರೂ ಅದರ ವಿಮರ್ಶೆ ಬರೆಯಲು ಕೈಗೆತ್ತಿಕೊಂಡ ಆನಿ ಬೆಸೆಂಟರು, ನಿರೀಶ್ವರವಾದಿಯಾಗಿ ಪ್ರಸಿದ್ಧರಾಗಿದ್ದವರು, 1889ರಲ್ಲಿ ಆಕೆಯ ಶಿಷ್ಯೆಯಾದರು. ಭಾರತದ ವಿದ್ಯಾಭ್ಯಾಸಕ್ಕೂ ಸ್ವರಾಜ್ಯದ ಕೂಗಿಗೂ ಬೆಸೆಂಟರಿಂದ ಆದದ್ದನ್ನು ಇಲ್ಲಿ ಹೇಳಬೇಕಾಗಿಲ್ಲ. ಅದೇ ವರ್ಷ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಪರೀಕ್ಷೆಗೆ ಓದುತ್ತಿದ್ದ ಗುಜರಾತಿನ ತರುಣನೊಬ್ಬನನ್ನು ಇಬ್ಬರು ಥಿಯಾಸಾಫಿಸ್ಟರು ಗೀತೆಯನ್ನು ಜೊತೆಗೂಡಿ ಓದಲು ಕರೆದರು; ಬ್ಲಾವಟ್‌ಸ್ಕಿಯವರ ಬಳಿಗೂ ಕರೆದೊಯ್ದರು. ಆಕೆಯ ಥಿಯಾಸಾಫಿಯ ಕೀಲಿಕೈ ಎಂಬ ಪುಸ್ತಕವನ್ನು ಓದಿ, ಹಿಂದೂಧರ್ಮವು ಮೂಢನಂಬುಗೆಯೆಂದು ಮಿಷನರಿಗಳಿಂದ ಕೇಳಿದ್ದ ಭ್ರಮೆ ತನ್ನಿಂದ ತೊಲಗಿತೆಂದು ಮೋಹನದಾಸ ಗಾಂಧಿಯವರು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಸಮಾಜಕ್ಕೆ ಅವರು ಆಗ ಸೇರಲಿಲ್ಲ. ಮಹಾತ್ಮರ ಪತ್ರಗಳ ಗೋಜಿಗೂ ಹೋಗಲಿಲ್ಲ.

1891ರ ಮೇ 8ರಂದು, ಇನ್‌ಫ್ಲುಯೆಂಜಾ ಜ್ವರದ ಪೀಡೆಯಲ್ಲಿ, ಲಂಡನ್ನಿನ ಅವೆನ್ಯೂ ರಸ್ತೆಯ ಮನೆಯಲ್ಲಿ ಆಕೆ ತೀರಿಕೊಂಡರು. ವಯಸ್ಸು ಇನ್ನೂ ಅರವತ್ತು ತುಂಬಿರಲಿಲ್ಲ. ದೇಹವನ್ನು ದಹನ ಮಾಡಿದರು. ಭಸ್ಮವನ್ನು ಲಂಡನ್, ನ್ಯೂಯಾರ್ಕ್, ಅಡ್ಯಾರ್ ಮೂರು ಕಡೆಗೂ ಹಂಚಿದರು. ಆಸ್ತಿಯೆಂಬುದು ಇರಲಿಲ್ಲ.

ಗುರುಗಳ ಪತ್ರಗಳು ಮಾತ್ರ ಆಕೆಯೊಡನೆ ಮುಗಿಯಲಿಲ್ಲ. ಆಕೆ ಹೋದ ಮೇಲೂ ಅಂಥ ಪತ್ರಗಳು ಬರುತ್ತಿವೆಯೆಂದು ಜಡ್ಜರು ಹೇಳಿದರು. ಅವು ನಿಜವೇ ಎಂಬ ಜಗಳದಿಂದ 1895ರಲ್ಲಿ ಅಮೆರಿಕದ ಶಾಖೆ ಒಡೆದುಹೋಯಿತು. 1909ರಲ್ಲಿ ಅಡ್ಯಾರಿನ ಸಮುದ್ರತೀರದಲ್ಲಿ ಲೆಡ್‌ಬೀಟರರ ಕಣ್ಣಿಗೆ ಬಿದ್ದ ಮದನಪಲ್ಲಿಯ ಬಾಲಕ ಜಿಡ್ಡು ಕೃಷ್ಣಮೂರ್ತಿಯನ್ನು, ಮಹಾತ್ಮರ ಅಪ್ಪಣೆಯೆಂದು, ಜಗದ್ಗುರುವಾಗಲು ಬೆಳೆಸಿದರು. ಆ ಬಾಲಕ ಬೆಳೆದು 1929ರಲ್ಲಿ ಹಾಲೆಂಡಿನ ಓಮೆನ್ನಿನಲ್ಲಿ ನೆರೆದ ಸಾವಿರಾರು ಭಕ್ತರ ಮುಂದೆ ತನಗಾಗಿ ಕಟ್ಟಿದ್ದ ಸಂಘವನ್ನು ತಾನೇ ವಿಸರ್ಜಿಸಿ, ಯಾವ ಗುರುವಿನ ಮಧ್ಯಸ್ಥಿಕೆಯೂ ಬೇಡವೆಂದು ಹೊರನಡೆದರು. ಸಿನ್ನೆಟ್ಟರಿಗೆ ಬಂದ ಪತ್ರಗಳು 1923ರಲ್ಲಿ ಅಚ್ಚಾದುವು. ಮೂಲ ಹಾಳೆಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಭಾರತವನ್ನು ಬಿಡುವುದಕ್ಕೆ ಎರಡು ತಿಂಗಳು ಮೊದಲು, 1885ರ ಜನವರಿಯಲ್ಲಿ, ಸಾವು ಸಮೀಪಿಸಿತೆಂದು ತಿಳಿದು ಆಕೆ ಅಡ್ಯಾರಿನಲ್ಲಿ ಉಯಿಲು ಬರೆಸಿದ್ದರು. ತಾವು ಸತ್ತ ದಿನ ಪ್ರತಿವರ್ಷವೂ ಗೆಳೆಯರು ಕೂಡಿ, ಎಡ್ವಿನ್ ಆರ್ನಾಲ್ಡರ ಬುದ್ಧಚರಿತೆಯ ಕಾವ್ಯದಿಂದ ಒಂದು ಭಾಗವನ್ನೂ ಭಗವದ್ಗೀತೆಯಿಂದ ಒಂದು ಭಾಗವನ್ನೂ ಓದಬೇಕೆಂದು ಅದರಲ್ಲಿ ಕೋರಿದರು. ಗುರುಗಳ ಪತ್ರಗಳನ್ನು ಓದಬೇಕೆಂದು ಕೋರಲಿಲ್ಲ. ಮೇ 8ನ್ನು ಅವರ ಅನುಯಾಯಿಗಳು ಬಿಳಿಯ ತಾವರೆಯ ದಿನವೆಂದು ಕರೆದು, ಆ ಎರಡು ಪುಸ್ತಕಗಳನ್ನು ಓದಿ ಆಚರಿಸುತ್ತ ಬಂದಿದ್ದಾರೆ.